ಜುಟ್ಟಿಗೆ ಮಲ್ಲಿಗೆ

‘ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು’ ಎಂದು ಬೈಸಿಕೊಳ್ಳದೆ ಬೆಳೆದ ಕನ್ನಡದ ಮಕ್ಕಳು ಕಡಿಮೆ. ಹೊಸ ಅಂಗಿ ಕೇಳಿದರೆ ಈ ಗಾದೆ, ಕೊಳಲು ಕಲಿಯುತ್ತೇನೆಂದರೂ ಇದೇ ಗಾದೆ. ಮೊದಲು ಹೊಟ್ಟೆ, ಆಮೇಲೆ ಜುಟ್ಟು ಎಂಬ ಸರದಿ ಎಷ್ಟು ನ್ಯಾಯವಾಗಿ ಕೇಳುತ್ತದೆಂದರೆ ಎದುರಾಡಲು ಬಾಯೇ ಬಾರದು. ಹಿಮಯುಗದ ಯುರೋಪಿನವರ ಸಂಗತಿ ಓದುವವರೆಗೆ ನನಗೂ ಬಂದಿರಲಿಲ್ಲ.

ಆಫ್ರಿಕಾ ಮೂಲದ, ನಮ್ಮಂಥದೇ ಮನುಷ್ಯರು ಸುಮಾರು 45,000 ವರ್ಷಗಳ ಹಿಂದೆ ಆ ಕಡೆ ಹೋಗಿ ನೆಲೆಸತೊಡಗಿದರು. ಮೂಳೆ ಕೊರೆಯುವ ಚಳಿ. ಸುತ್ತ ಮ್ಯಾಮತ್ ಆನೆ, ಹಿಮಸಾರಂಗ, ಗುಹಾಸಿಂಹ. ಇಂಥಲ್ಲಿ ಬುದ್ಧಿಯಿದ್ದವರು ಬೇಟೆಯಾಡಬೇಕು, ತೊಗಲು ಹೊದೆಯಬೇಕು, ಬೆಂಕಿ ಆರದಂತೆ ನೋಡಿಕೊಳ್ಳಬೇಕು. ಅದನ್ನೆಲ್ಲ ಮಾಡಿದರು. ಜೊತೆಗೆ ಮಣಿಯನ್ನೂ ಕೊರೆದರು.

ರಷ್ಯಾದ ವ್ಲಾದಿಮಿರ್ ನಗರದ ಬಳಿ ಸುಂಗೀರ್ ಎಂಬಲ್ಲಿ ಸುಮಾರು 34,000 ವರ್ಷ ಹಳೆಯ ಗೋರಿಯೊಂದಿದೆ. ಇಬ್ಬರು ಹುಡುಗರನ್ನು ತಲೆಗೆ ತಲೆ ಕೂಡುವಂತೆ ಮಲಗಿಸಿದ್ದಾರೆ. ಮೈಮೇಲೆ ಮ್ಯಾಮತ್ ದಂತದ ಸುಮಾರು 10,000 ಮಣಿಗಳು. ಮಕ್ಕಳ ಸಾವಿನೆದುರು ತಮಾಷೆ ಸಲ್ಲದು. ಲೆಕ್ಕವಂತೂ ತಾನಾಗಿ ಬರುತ್ತದೆ. ಮಾಡಿ ನೋಡಿದವರ ಪ್ರಕಾರ ಒಂದು ಮಣಿಗೆ ಹೆಚ್ಚುಕಡಿಮೆ ಒಂದು ಗಂಟೆ ಬೇಕು. ಒಬ್ಬನೇ ಕೂತರೆ, ದಿನಕ್ಕೆ 8 ಗಂಟೆಯಂತೆ, ಭಾನುವಾರದ ರಜೆಯೂ ಇಲ್ಲದೆ, ಮೂರು ವರ್ಷ ದಾಟುವ ಕೆಲಸ. ಇಷ್ಟಾದರೂ ಒಂದು ಮಣಿಯಿಂದಲೂ ಚಳಿ ಬಿಡುವುದಿಲ್ಲ.

ನಮ್ಮ ಗಾದೆಯನ್ನು ಕೇಳಿರದ ಪಂಡಿತರೂ ಅದನ್ನೇ ನಂಬಿದ್ದರು. 1879ರಲ್ಲಿ ಸ್ಪೇನಿನ ಅಲ್ತಮೀರಾ ಗುಹೆಯಲ್ಲಿ ಸೌತುಓಲಾ ಎಂಬ ಗೃಹಸ್ಥ ನೆಲ ಅಗೆಯುತ್ತಿದ್ದಾಗ, ಜೊತೆಗಿದ್ದ ಪುಟ್ಟ ಮಗಳು ಮರಿಯಾ ತಲೆಯೆತ್ತಿ ನೋಡಿದಳು. ಚಾವಣಿಯ ತುಂಬ ಕಾಡುಕೋಣಗಳು! ಅಪ್ಪ ಸಂಭ್ರಮದಿಂದ ಪ್ರಕಟಿಸಿದರೆ ಪಂಡಿತರು ನಕ್ಕರು. ಹೊಟ್ಟೆಪಾಡಿಗಾಗಿ ಅಲೆಯುವ ಕಾಡುಜನರಿಗೆ ಇಷ್ಟು ಚೆಂದದ ಚಿತ್ರ ಬರೆಯಲು ಬಂದೀತೆ, ಇದು ಈಚಿನವರಾರದೋ ಕೈಚಳಕ ಎಂದರು. ಹಾಗೆಂದವರಲ್ಲಿ ಮುಖ್ಯನಾದ ಫ್ರಾನ್ಸಿನ ಕಾರ್ತೈಯಾಕ್ ತಪ್ಪೊಪ್ಪಿಕೊಂಡು ಬರೆದದ್ದು 1902ರಲ್ಲಿ. ಸೌತುಓಲಾ ತೀರಿಕೊಂಡು ಅಷ್ಟರಲ್ಲಿ 14 ವರ್ಷವಾಗಿತ್ತು. ಪಂಡಿತರು ತಪ್ಪೊಪ್ಪಿಕೊಳ್ಳುವುದೇ ಅಪರೂಪ. ಸಕಾಲಕ್ಕೆ ಒಪ್ಪಿಕೊಳ್ಳಬೇಕೆಂದರೆ ದುರಾಸೆಯಾದೀತು.

ನನ್ನ ಪಕ್ಷಪಾತವೆಲ್ಲ ಜರ್ಮನಿಯ ಸಿಂಹಮಾನವನೆಂಬ ದಂತದ ಬೊಂಬೆಯ ಕಡೆಗೆ. ಅವನ ಚೂರುಗಳು ಹೋಲೆನ್‌ಸ್ಟೈನ್-ಸ್ಟಾಡೆಲ್ ಗುಹೆಯಲ್ಲಿ ಸಿಕ್ಕಿದ್ದು 1939ರ ಆಗಸ್ಟ್ ಕೊನೆಗೆ. ಮುಂದಿನ ವಾರವೇ ಮಹಾಯುದ್ಧ. ಚೂರುಗಳು ಮೂವತ್ತು ವರ್ಷ ಪೆಟ್ಟಿಗೆಯಲ್ಲೇ ಕೂತವು. ಆಮೇಲೆ ಜೋಡಿಸಿ ನೋಡಿದರೆ ಸಿಂಹದ ತಲೆ, ಮನುಷ್ಯನ ನಿಲುವು; ಒಂದಡಿಗೆ ತುಸು ಹೆಚ್ಚಿನ ಎತ್ತರ, ಸುಮಾರು 40,000 ವರ್ಷ ವಯಸ್ಸು. ಕಲ್ಲಿನ ಉಪಕರಣದಿಂದ ಅಂಥದೇ ಇನ್ನೊಂದನ್ನು ಕೆತ್ತಲು ಹೊರಟವರಿಗೆ ನೂರಾರು ಗಂಟೆ ಹಿಡಿಯಿತು. ಅದೇ ಸೀಮೆಯ ಹೋಲೆ ಫೆಲ್ಸ್ ಗುಹೆಯಲ್ಲಿ 2008ರಲ್ಲಿ ರಣಹದ್ದಿನ ರೆಕ್ಕೆಯ ಮೂಳೆಯಿಂದ ಮಾಡಿದ, ಐದು ತೂತಿನ ಕೊಳಲೂ ಸಿಕ್ಕಿತು. ಅಂದರೆ ಗುಹೆಯೊಳಗೆ ಸಂಗೀತಾಭ್ಯಾಸವೂ ನಡೆದಿತ್ತು. ಹೊಸದಾಗಿ ಕಲಿಯುವವನ ಕೊಳಲನ್ನು ಕೇಳಿಸಿಕೊಳ್ಳುವ ಕಷ್ಟದ ಮುಂದೆ ಹೊರಗಿನ ಸಿಂಹದ ಕಾಟ ಯಾವ ಲೆಕ್ಕ!

ಕೆತ್ತಿದವನನ್ನು, ಊದಿದವನನ್ನು ಎಲ್ಲರೂ ಹೊಗಳುತ್ತಾರೆ. ನನಗೆ ಕುತೂಹಲ ಅವರಿಗೆ ಊಟ ಹಾಕಿದವರ ಬಗ್ಗೆ. ನೂರಾರು ಗಂಟೆ ದಂತ ಕೆರೆಯುತ್ತ ಕೂತವನು ಅಷ್ಟು ಹೊತ್ತು ಬೇಟೆಗೆ ಹೋಗಿಲ್ಲ, ಸೌದೆ ತಂದಿಲ್ಲ. ಆದರೂ ಅವನ ಪಾಲಿನ ಮಾಂಸ ಅವನಿಗೆ ಮುಟ್ಟಿರಬೇಕು. ಇಲ್ಲದಿದ್ದರೆ ಸಿಂಹಕ್ಕೆ ತಲೆ ಮೂಡುವ ಮೊದಲೇ ಅವನ ಕೈ ಸೋಲುತ್ತಿತ್ತು. ‘ಇನ್ನೂ ಮುಗಿಯಲಿಲ್ಲವೇನಪ್ಪಾ ನಿನ್ನ ಸಿಂಹ?’ ಎಂದು ಯಾರಾದರೂ ಅಜ್ಜಿ ಕೇಳಿರದೆ ಇರಲಾರಳು. ಗೊಣಗುತ್ತಲೇ ಬಡಿಸಿರದೆಯೂ ಇರಲಾರಳು.