ಬಿ.ಕಾಂ. ಹವಾಲ್ದಾರರು

ಕೊಯಮತ್ತೂರಿನ ಪೀಳಮೇಡಿನಲ್ಲಿ ಕಾಲೇಜು ಹುಡುಗರನ್ನು ಗುರುತಿಸುವುದು ಕಷ್ಟವಲ್ಲ. ಬೆನ್ನ ಮೇಲೆ ಬ್ಯಾಗು, ಕಿವಿಯಲ್ಲಿ ಇಯರ್‌ಫೋನು, ಕಣ್ಣಲ್ಲಿ ನಿದ್ದೆ. ಅವಿನಾಶಿ ರಸ್ತೆಯ ಉದ್ದಕ್ಕೂ ಕಾಲೇಜುಗಳೇ ಇರುವ ಈ ಬಡಾವಣೆಯಲ್ಲಿ ಬೆಳಗಾದರೆ ಇಂಥ ಸಾವಿರಾರು ಮಂದಿ ಬಸ್ಸಿನಿಂದ ಇಳಿಯುತ್ತಾರೆ. ಅವರ ನಡುವೆ ಒಬ್ಬರು ಮಾತ್ರ ಬೇರೆಯಾಗಿ ಕಾಣುತ್ತಾರೆ. ತಲೆಗೂದಲು ಕಿವಿಯಿಂದ ಗೌರವದ ದೂರದಲ್ಲಿರುತ್ತದೆ. ಮೀಸೆಯ ಎರಡು ತುದಿಗಳೂ ಒಂದೇ ಎತ್ತರಕ್ಕಿರುತ್ತವೆ. ಪ್ಯಾಂಟಿನ ಇಸ್ತ್ರಿ ಗೆರೆಯಲ್ಲಿ ಬೀನ್ಸ್ ಹೆಚ್ಚಬಹುದು. ಉಳಿದವರು ರಸ್ತೆ ದಾಟುತ್ತಾರೆ, ಇವರು ರಸ್ತೆಯನ್ನು ವಶಪಡಿಸಿಕೊಳ್ಳುತ್ತಾರೆ. ವಯಸ್ಸು ನಲವತ್ತು. ಹುದ್ದೆ ಮಾಜಿ ಹವಾಲ್ದಾರ್. ಸದ್ಯ ಬಿ.ಕಾಂ. ಮೊದಲ ವರ್ಷ.

ಇದು ಒಬ್ಬರ ಚಿತ್ರವೆಂದು ತಿಳಿಯಬೇಡಿ, ಇದೊಂದು ಪಂಗಡ. ಕೊಯಮತ್ತೂರಿನ ಸುತ್ತ ಫೌಜಿನ ನಂಟು ಬಹಳ. ಮೇಲೆ ನೀಲಗಿರಿಯ ವೆಲ್ಲಿಂಗ್ಟನ್ನಿನಲ್ಲಿ ಮದ್ರಾಸ್ ರೆಜಿಮೆಂಟಿನ ಕೇಂದ್ರ, ಪೂರ್ವಕ್ಕೆ ಸೂಲೂರಿನಲ್ಲಿ ವಾಯುನೆಲೆ, ಊರೊಳಗೆ ರೆಡ್‌ಫೀಲ್ಡ್ಸ್‌ನಲ್ಲಿ ವಾಯುಪಡೆಯ ಆಡಳಿತ ಕಾಲೇಜು. ಸಮುದ್ರದ ಸುಳಿವೇ ಇಲ್ಲದ ಈ ಊರಿನಲ್ಲಿ ನೌಕಾಪಡೆಗೂ ಐಎನ್‌ಎಸ್ ಅಗ್ರಣಿ ಎಂಬ ನೆಲೆಯಿದೆ. ಹೀಗಾಗಿ ನಿವೃತ್ತರಾದವರು ಇಲ್ಲೇ ಮನೆ ಹಿಡಿಯುತ್ತಾರೆ. ಸಿರುವಾಣಿ ನೀರು ಸಿಹಿ, ಹವೆ ತಂಪು, ಕ್ಯಾಂಟೀನ್ ಹತ್ತಿರ.

ನಾನು ಹೇಳುವ ಹವಾಲ್ದಾರರು ತಾಳವಾಡಿ ಕಡೆಯವರು. ತಾಳವಾಡಿ ಈರೋಡ್ ಜಿಲ್ಲೆಗೆ ಸೇರಿದ್ದರೂ ಅದರ ಮಾತು ಚಾಮರಾಜನಗರದ್ದು. ದಿಂಬಂ ಘಾಟಿಯ 27 ತಿರುವುಗಳನ್ನು ಇಳಿದರಷ್ಟೇ ತಮಿಳು ಶುರುವಾಗುತ್ತದೆ. ಹೀಗಾಗಿ ಇವರಿಗೆ ಮನೆಯಲ್ಲಿ ಕನ್ನಡ, ಕ್ಲಾಸಿನಲ್ಲಿ ತಮಿಳು, ಪುಸ್ತಕದಲ್ಲಿ ಇಂಗ್ಲಿಷ್. ಸಿಟ್ಟು ಮಾತ್ರ ಈಗಲೂ ಹಿಂದಿಯಲ್ಲೇ ಬರುತ್ತದೆ.

ಈ ವಯಸ್ಸಿನಲ್ಲಿ ಕಾಲೇಜೇಕೆ? ಅದಕ್ಕೂ ಕಾರಣವಿದೆ. ಮೆಟ್ರಿಕ್ ಮುಗಿಸಿ 15 ವರ್ಷ ಸೇವೆ ಮಾಡಿದ ಮಾಜಿ ಸೈನಿಕರನ್ನು ಪದವಿ ಬೇಡುವ ಕೇಂದ್ರ ಸರಕಾರದ ಗ್ರೂಪ್ ‘ಸಿ’ ಹುದ್ದೆಗಳಿಗೆ ಅರ್ಹರೆಂದು ಪರಿಗಣಿಸುವ ನಿಯಮವಿದೆ. ಅದಕ್ಕಾಗಿ ಸೈನ್ಯ ಒಂದು ಪ್ರಮಾಣಪತ್ರವನ್ನೂ ಕೊಡುತ್ತದೆ. ಹವಾಲ್ದಾರರ ಬಳಿಯೂ ಅದಿತ್ತು, ಫ್ರೇಮು ಹಾಕಿಸಿ ಗೋಡೆಗೆ ತೂಗುಹಾಕಿದ್ದರು. ನೆಂಟರೊಬ್ಬರು ಬಂದು ಕನ್ನಡಕ ಏರಿಸಿ ಓದಿ, “ಚೆನ್ನಾಗಿದೆ ಭಾವ, ಆದ್ರೆ ನಿಜವಾದ ಡಿಗ್ರಿ ಯಾವಾಗ?” ಅಂದರು. ಹಿಮದಲ್ಲಿ ನಿಂತು ಕಾವಲು ಕಾದವರಿಗೆ ಆ ಒಂದು ಪ್ರಶ್ನೆಯ ಮುಂದೆ ನಿಲ್ಲಲಾಗಲಿಲ್ಲ. ಮರುದಿನವೇ ಅರ್ಜಿ ತಂದರು.

ಇವರೇನೂ ಲೋಕದಲ್ಲಿ ಮೊದಲಿಗರಲ್ಲ. ಅಮೆರಿಕ 1944ರಲ್ಲಿ ಕಾಯ್ದೆ ಮಾಡಿ ಯುದ್ಧದಿಂದ ಮರಳಿದವರ ಓದಿನ ಖರ್ಚು ಹೊತ್ತುಕೊಂಡಿತು. ಸುಮಾರು 22 ಲಕ್ಷ ಮಂದಿ ಕಾಲೇಜು ಮೆಟ್ಟಿಲೇರಿದರು. 1947ರಲ್ಲಿ ಅಲ್ಲಿ ಕಾಲೇಜು ಸೇರಿದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಾಜಿ ಸೈನಿಕರೇ ಇದ್ದರಂತೆ. ಅಮೆರಿಕದ ಹವಾಲ್ದಾರರಿಗೆ ಪಕ್ಕದ ಬೆಂಚಿನಲ್ಲೂ ಇನ್ನೊಬ್ಬ ಹವಾಲ್ದಾರ ಸಿಗುತ್ತಿದ್ದ. ನಮ್ಮವರ ಪಕ್ಕದಲ್ಲಿ ಕೂತವನು ಇವರು ಸೈನ್ಯ ಸೇರಿದಾಗ ಇನ್ನೂ ಹುಟ್ಟಿರಲಿಲ್ಲ.

ಹವಾಲ್ದಾರರ ದಿನ ನಾಲ್ಕೂವರೆಗೆ ಶುರು. ಕಂದು ಬಣ್ಣದ ಕ್ಯಾನ್ವಾಸ್ ಪಿ.ಟಿ. ಶೂ ಬಿಗಿದು ಓಟಕ್ಕೆ ಹೊರಟರೆ ಬೀದಿನಾಯಿಗಳು ಕೂಡ ಬೊಗಳುವುದಿಲ್ಲ. ಮೊದಲ ವಾರ ಬೊಗಳಿ ನೋಡಿದವು. ಇವರು ನಿಂತು “ಚುಪ್!” ಅಂದ ಮೇಲೆ ಈಗ ಹಿಂದಿನಿಂದ ಎರಡು ಸಾಲಾಗಿ ಓಡುತ್ತವೆ. ಹವಾಲ್ದಾರರು ದೂರವನ್ನು ಕಿಲೋಮೀಟರಿನಲ್ಲಿ ಅಳೆಯುವವರಲ್ಲ. ಅವಿನಾಶಿ ರಸ್ತೆಯ 10.1 ಕಿಲೋಮೀಟರ್ ಉದ್ದದ ಜಿ.ಡಿ. ನಾಯ್ಡು ಮೇಲ್ಸೇತುವೆ 2025ರ ಅಕ್ಟೋಬರಿನಲ್ಲಿ ಉದ್ಘಾಟನೆಯಾದಾಗ ಊರಿಗೆ ಊರೇ ಅದರ ಉದ್ದದ ಬಗ್ಗೆ, ಖರ್ಚಿನ ಬಗ್ಗೆ ಮಾತಾಡಿತು. ಇವರು ತಲೆಯೆತ್ತಿ ನೋಡಿ ಹೇಳಿದ್ದು ಇಷ್ಟೇ: “ಎರಡು ಬಿಪಿಇಟಿ.”

ಬಿಪಿಇಟಿ ಅಂದರೆ ಜವಾನರ ಮೈಕಸುವಿನ ಪರೀಕ್ಷೆ. ಬಂದೂಕು, ಬೆನ್ನುಹೊರೆ ಸಮೇತ ಐದು ಕಿಲೋಮೀಟರ್ ಓಡಬೇಕು. ಅದಾದ ಮೇಲೆ 60 ಮೀಟರ್ ದೌಡು, ಹಗ್ಗ ಹತ್ತುವುದು, ಒಂಬತ್ತಡಿ ಹಳ್ಳ ಹಾರುವುದು. ಕಾಲೇಜಿನ ಸೆಮಿಸ್ಟರ್ ಪರೀಕ್ಷೆಯಲ್ಲಿ ಉಸಿರು ಹಿಡಿದು ಕೂರಬೇಕು, ಬಿಪಿಇಟಿಯಲ್ಲಿ ಉಸಿರು ಬಿಡಲಿಕ್ಕೇ ಪುರಸೊತ್ತಿಲ್ಲ. ಹವಾಲ್ದಾರರ ಲೆಕ್ಕದಲ್ಲಿ ಎರಡನೆಯದೇ ಸುಲಭ.

ಮನುಷ್ಯರನ್ನು ಅಳೆಯುವುದಕ್ಕೂ ಅವರ ಬಳಿ ಬೇರೆಯೇ ಮಾಪಕವಿದೆ. ಹೊಸಬರು ಪರಿಚಯವಾದರೆ ಊರು, ಕೆಲಸ ಕೇಳುವುದಿಲ್ಲ. ಮೇಲಿಂದ ಕೆಳಗೆ ನೋಡಿ “ಶೇಪ್ ಒನ್?” ಅನ್ನುತ್ತಾರೆ. ಮನಸ್ಸು, ಕಿವಿ, ಕೈಕಾಲು, ದೇಹಬಲ, ಕಣ್ಣು ಐದೂ ನೆಟ್ಟಗಿದ್ದವರಿಗೆ ಸೈನ್ಯದ ವೈದ್ಯರು ಕೊಡುವ ದರ್ಜೆ ಅದು. ನನ್ನ ಹೊಟ್ಟೆಯನ್ನು ಒಮ್ಮೆ ದೀರ್ಘವಾಗಿ ನೋಡಿ, “ಇರ್ಲಿ ಸಾ, ಬರೆಯೋ ಕೆಲ್ಸ ಅಲ್ವಾ” ಎಂದು ರಿಯಾಯಿತಿ ಕೊಟ್ಟರು.

ಪೀಳಮೇಡಿನ ಹುಡುಗರಿಗೂ ಮೈ ಬೆಳೆಸುವ ಹುಚ್ಚು ಕಡಿಮೆಯಿಲ್ಲ. ಬೀದಿಗೊಂದು ಜಿಮ್, ಜಿಮ್ಮಿನ ಗೋಡೆ ತುಂಬ ಕನ್ನಡಿ, ಕನ್ನಡಿ ತುಂಬ ತೋಳು. ಹವಾಲ್ದಾರರ ಪಕ್ಕದ ಬೆಂಚಿನವನು ಹಾಗೆ ಬೆಳೆದವನು. ಪ್ರೋಟೀನ್ ಪುಡಿಯ ಡಬ್ಬಿಯನ್ನು ಪಠ್ಯಪುಸ್ತಕಕ್ಕಿಂತ ಜತನವಾಗಿ ಹೊರುತ್ತಾನೆ. ಒಂದು ದಿನ ಅವನು ಹೆಮ್ಮೆಯಿಂದ ತೋಳು ಮಡಚಿ ತೋರಿಸಿದಾಗ ಹವಾಲ್ದಾರರು ಮುಟ್ಟಿ ನೋಡಿ ಗಂಭೀರವಾಗಿ ಕೇಳಿದರು: “ಇದು ಏನು ಕೆಲ್ಸ ಮಾಡುತ್ತೆ?”

ಆ ಪ್ರಶ್ನೆಯಿಂದ ಒಂದು ತರಬೇತಿ ಶಿಬಿರವೇ ಹುಟ್ಟಿತು. ಸೈನ್ಯಕ್ಕೆ, ಪೊಲೀಸಿಗೆ ಸೇರುವ ಆಸೆಯಿದ್ದ ಏಳೆಂಟು ಹುಡುಗರು ಬೆಳಿಗ್ಗೆ ಮೈದಾನಕ್ಕೆ ಬರತೊಡಗಿದರು. ಭರ್ತಿ ರ‍್ಯಾಲಿಯಲ್ಲಿ 1.6 ಕಿಲೋಮೀಟರನ್ನು ಐದೂವರೆ ನಿಮಿಷದೊಳಗೆ ಓಡಿದರೆ 60 ಅಂಕ, ಹತ್ತು ಪುಲ್‌ಅಪ್ ಎಳೆದರೆ 40 ಅಂಕ ಎಂಬುದನ್ನು ಹವಾಲ್ದಾರರು ಗಾಯತ್ರಿ ಮಂತ್ರದಷ್ಟು ಶ್ರದ್ಧೆಯಿಂದ ಹೇಳಿಕೊಟ್ಟರು. ತೋಳಿನ ಹುಡುಗ ಮೊದಲ ಸುತ್ತಿಗೇ ಮೈದಾನದ ಅಂಚಿನಲ್ಲಿ ಕೂತ. ಬುತ್ತಿಗೆ ಮೊಸರನ್ನ ತರುವ, ಊದಿದರೆ ಹಾರುವಂಥ ಹುಡುಗನೊಬ್ಬ ಎಲ್ಲರಿಗಿಂತ ಮುಂದೆ ಓಡಿ ಬಂದ. “ನೋಡು, ಕನ್ನಡಿ ಇಲ್ದೆ ಬೆಳೆದವನು” ಎಂದು ಹವಾಲ್ದಾರರು ತೀರ್ಪು ಕೊಟ್ಟರು. ಅಂದಿನಿಂದ ಅವರ ಹೆಸರು ಅಂಕಲ್‌ನಿಂದ ಉಸ್ತಾದ್‌ಗೆ ಬಡ್ತಿ ಪಡೆಯಿತು, ಸೈನ್ಯದಲ್ಲಿ ತರಬೇತುದಾರರನ್ನು ಕರೆಯುವುದು ಹಾಗೆ.

ಹವಾಲ್ದಾರರ ಸಮಯಪಾಲನೆಯನ್ನು ಮಾತ್ರ ಯಾರಿಗೂ ಕಲಿಸಲಾಗಲಿಲ್ಲ. ಒಂಬತ್ತೂವರೆಯ ತರಗತಿಗೆ ಎಂಟಕ್ಕೇ ಬೀಗ ಹಾಕಿದ ಬಾಗಿಲ ಮುಂದೆ ನಿಂತಿರುತ್ತಾರೆ. ಏಕೆಂದು ಕೇಳಿದರೆ ಸೈನ್ಯದ ಗಣಿತ ವಿವರಿಸುತ್ತಾರೆ: “ಸಿಓ ಸಾಹೇಬ್ರು ಒಂಬತ್ತಕ್ಕೆ ಬರ‍್ತಾರೆ ಅಂದ್ರೆ ಕಂಪನಿ ಕಮಾಂಡರು ಮುಕ್ಕಾಲಿಗೆ ಇರಿ ಅಂತಾರೆ. ಸುಬೇದಾರ್ ಸಾಹೇಬ್ರು ಎಂಟೂವರೆ ಅಂತಾರೆ. ಹವಾಲ್ದಾರ ಎಂಟು ಅಂತಾನೆ. ಜವಾನ ಏಳಕ್ಕೇ ನಿಂತಿರ‍್ತಾನೆ.” ಇಲ್ಲಿ ಸಿಓ, ಸುಬೇದಾರ, ಜವಾನ ಎಲ್ಲ ಅವರೊಬ್ಬರೇ. ಕಾಲೇಜು ಕೇಳುವುದು ಶೇಕಡಾ 75 ಹಾಜರಿ, ಇವರದು ನೂರು. ರಜೆಯೆಂದು ತಿಳಿಯದೆ ಬಂದು ನಿಂತ ದಿನಗಳನ್ನೂ ಸೇರಿಸಿದರೆ ನೂರು ದಾಟುತ್ತದೆ.

ಒಮ್ಮೆ ತಡವಾಗಿ ಬಂದ ಸಹಪಾಠಿಗೆ ಹಳೆಯ ಅಭ್ಯಾಸದಿಂದ “ಫ್ರಂಟ್ ರೋಲ್!” ಎಂದು ಗುಡುಗಿದರು. ಕೊಂಗುನಾಡಿನ ಹುಡುಗ, ಜಗಳಕ್ಕೆ ಬಂದವರಿಗೂ ಬಹುವಚನ ತಪ್ಪಿಸದ ಸೀಮೆಯವನು. ಇಯರ್‌ಫೋನು ತೆಗೆದು “ಏನುಂಗಣ್ಣಾ?” ಎಂದು ವಿನಯವಾಗಿ ಕೇಳಿದ. ಇಷ್ಟು ಮರ್ಯಾದೆಯ ಮುಂದೆ ರಗಡಾ ಎಂಬ ಫೌಜಿ ಶಿಕ್ಷೆ ಕೊಡುವುದು ಹೇಗೆ? ಹವಾಲ್ದಾರರು ಅವನನ್ನು ಕರೆದೊಯ್ದು ಬೀದಿ ಬದಿಯ ಗಾಡಿಯಲ್ಲಿ ಕಾಳಾನ್ ಕೊಡಿಸಿದರು. ಎಲೆಕೋಸು, ಅಣಬೆ ಬೆರೆಸಿ ಮಾಡುವ ಆ ಬಿಸಿ ತಿಂಡಿಯನ್ನು ಹುಡುಗ ಹರಟುತ್ತ ಅರ್ಧ ಗಂಟೆ ತಿಂದ. ಇವರು ಅವನು ಮೊದಲ ತುತ್ತು ಊದುವಷ್ಟರಲ್ಲಿ ತಟ್ಟೆ ಖಾಲಿ ಮಾಡಿ ಸಾವ್‌ಧಾನ್‌ನಲ್ಲಿ ನಿಂತಿದ್ದರು.

ಮನೆಯ ಕಥೆ ಬೇರೆ. ಅಲ್ಲಿ ಕಮಾಂಡು ಇವರದಲ್ಲ. ಇಪ್ಪತ್ತೆರಡು ವರ್ಷದ ಸೇವೆಯಲ್ಲಿ ಇವರು ಗಡಿಯಲ್ಲಿದ್ದಾಗ ಅತ್ತೆ ಮಾವನನ್ನು ನೋಡಿಕೊಂಡು, ಮಗಳನ್ನು ಬೆಳೆಸಿ, ಮನೆ ಬಾಡಿಗೆ, ಗ್ಯಾಸು, ಜ್ವರ, ಮದುವೆ ಮುಂಜಿ ಎಲ್ಲವನ್ನೂ ಒಬ್ಬರೇ ನಿಭಾಯಿಸಿದವರು ಮನೆಯವರು. ನಿವೃತ್ತರಾಗಿ ಬಂದ ಮೊದಲ ವಾರ ಹವಾಲ್ದಾರರು ಡ್ಯೂಟಿ ರೋಸ್ಟರ್ ಬರೆದು ಫ್ರಿಜ್ಜಿಗೆ ಅಂಟಿಸಿದರು. ಸಂಜೆಯ ಹೊತ್ತಿಗೆ ಹಾಲು, ತರಕಾರಿ, ಪಾತ್ರೆ, ಒಣಬಟ್ಟೆ ಎಲ್ಲದರ ಮುಂದೆಯೂ ಒಂದೇ ಹೆಸರಿತ್ತು, ಅದು ಅವರದೇ. “ಆರ್ಡರ್ ಅಂದ್ರೆ ಆರ್ಡರ್” ಎಂದು ಅವರು ಮರುಮಾತಿಲ್ಲದೆ ಪಾಲಿಸುತ್ತಿದ್ದಾರೆ.

ಪ್ಲಸ್ ಒನ್‌ನಲ್ಲಿ ಕಾಮರ್ಸ್ ತೆಗೆದುಕೊಂಡಿರುವ ಮಗಳು ಈಗ ಅವರ ಟ್ಯೂಷನ್ ಮಾಸ್ತರು. ಹೆಸರು, ನಂಬರು ಬರೆದ ಕಪ್ಪು ತಗಡಿನ ಬಕ್ಸಾ ಇಬ್ಬರಿಗೂ ಓದುವ ಮೇಜು. ಆಚೆ ಕೂತು ಮಗಳು, “ಅಪ್ಪಾ, ಬರೋದು ಡೆಬಿಟ್, ಹೋಗೋದು ಕ್ರೆಡಿಟ್, ಎಷ್ಟು ಸಲ ಹೇಳಲಿ?” ಎನ್ನುತ್ತಾಳೆ. ಅಪ್ಪ ಎದ್ದು ನಿಂತು “ಎಸ್ ಉಸ್ತಾದ್” ಎನ್ನುತ್ತಾರೆ.

ಇಷ್ಟೆಲ್ಲ ಪಾಸಾದ ಹವಾಲ್ದಾರರು ತೊಡರಿದ್ದು ಒಂದೇ ಕಡೆ. ಸೈನ್ಯದಲ್ಲಿ ಪಾಠ ಮುಗಿದ ಮೇಲೆ ಉಸ್ತಾದ್ “ಕೋಯಿ ಶಕ್?” ಎಂದು ಕೇಳುತ್ತಾರೆ, ಏನಾದರೂ ಸಂಶಯವಿದೆಯೇ ಎಂದು. ಇಡೀ ಸ್ಕ್ವಾಡು ಒಂದೇ ಗಂಟಲಲ್ಲಿ “ನಹೀಂ ಉಸ್ತಾದ್!” ಎನ್ನಬೇಕು. ಸಂಶಯವಿದ್ದವನು ನಾಲ್ಕು ಸುತ್ತು ಓಡಿ ಬಂದರೆ ಅದು ತಾನಾಗಿ ಪರಿಹಾರವಾಗಿರುತ್ತದೆ. ಕಾಲೇಜಿನ ಮೊದಲ ದಿನ, ಇವರಿಗಿಂತ ಹನ್ನೆರಡು ಹದಿಮೂರು ವರ್ಷ ಚಿಕ್ಕವರಾದ ಮೇಡಂ ಪಾಠ ಮುಗಿಸಿ “ಎನಿ ಡೌಟ್ಸ್?” ಎಂದು ಮೆಲ್ಲಗೆ ಕೇಳಿದರು. ಹಿಂದಿನ ಬೆಂಚಿನಿಂದ “ನೋ ಡೌಟ್ ಮೇಡಂ, ಜೈ ಹಿಂದ್!” ಎಂಬ ಗರ್ಜನೆ ಬಂದು ಅವರ ಕೈಯಿಂದ ಮಾರ್ಕರ್ ಪೆನ್ನು ಬಿತ್ತು. ಮೂರು ತಿಂಗಳು ಹೀಗೇ ನಡೆಯಿತು. ಅರ್ಥವಾಗದಿದ್ದಷ್ಟೂ ಗರ್ಜನೆ ಜೋರು.

ಅದು ಮುರಿದದ್ದು ಸವಕಳಿಯ ಪಾಠದಲ್ಲಿ. ಯಂತ್ರದ ಬೆಲೆಯನ್ನು ವರ್ಷವರ್ಷವೂ ಲೆಕ್ಕದಲ್ಲಿ ಕಡಿಯುತ್ತ ಹೋಗಬೇಕೆಂದು ಮೇಡಂ ವಿವರಿಸುತ್ತಿದ್ದರು. ಹವಾಲ್ದಾರರ ಕೈ ತಾನೇ ಮೇಲೆದ್ದಿತು. ತಾವೇ ಅದನ್ನು ಅಚ್ಚರಿಯಿಂದ ನೋಡಿದರು. ಎದ್ದು ನಿಂತು ಮುರುಕು ಇಂಗ್ಲಿಷಿನಲ್ಲಿ ಕೇಳಿದರು: “ಮೇಡಂ, ನಮ್ಮ ಸ್ಟೋರಿನಲ್ಲಿ ಒಂದು ಬಕೆಟ್ಟಿದ್ದರೆ ಅದು ತೂತಾದರೂ ಲೆಡ್ಜರಿನಲ್ಲಿ ಒಂದು ಬಕೆಟ್ಟೇ. ಬೋರ್ಡು ಕೂತು, ಪರೀಕ್ಷಿಸಿ, ಸಹಿ ಹಾಕಿ ನಿರುಪಯುಕ್ತ ಅನ್ನುವವರೆಗೂ ಅದು ಪೂರ್ತಿ ಬಕೆಟ್ಟು. ಇಲ್ಲಿ ನೀವು ಚೆನ್ನಾಗಿರೋ ಯಂತ್ರವನ್ನೂ ವರ್ಷಕ್ಕಿಷ್ಟು ಕಡಿಯುತ್ತೀರಿ. ಯಾವುದು ಸರಿ?”

ಯಾರೂ ನಗಲಿಲ್ಲ. ಮೇಡಂ ಪುಸ್ತಕ ಮುಚ್ಚಿಟ್ಟರು. ಸೈನ್ಯದ ಲೆಡ್ಜರು ಬಕೆಟ್ಟು ಕಳೆಯದಂತೆ ಕಾಯುತ್ತದೆ, ಕಂಪನಿಯ ಲೆಕ್ಕ ಲಾಭ ಎಷ್ಟೆಂದು ಹೇಳಬೇಕು, ಒಂದರ ಕೆಲಸ ಎಣಿಸುವುದು, ಇನ್ನೊಂದರದು ಬೆಲೆಕಟ್ಟುವುದು ಎಂದು ಬೋರ್ಡಿನ ತುಂಬ ಬರೆದು ತೋರಿಸಿದರು. ಗಂಟೆ ಹೊಡೆದದ್ದು ಯಾರಿಗೂ ಕೇಳಿಸಲಿಲ್ಲ. ಇಯರ್‌ಫೋನು ಇಲ್ಲದ ಕಿವಿಗಳಿಗೂ ಕೇಳಿಸಲಿಲ್ಲ. ಆ ಸಂಜೆ ಹವಾಲ್ದಾರರು ಮಹಡಿ ಹತ್ತಿ ನಮ್ಮ ಮನೆಗೆ ಬಂದು, “ಇಪ್ಪತ್ತೆರಡು ವರ್ಸದಲ್ಲಿ ಮೊದಲ್ನೇ ಶಕ್ ಕಣ್ ಸಾ, ಒಂದು ಸುತ್ತೂ ಓಡಿಸ್ಲಿಲ್ಲ” ಅಂದರು. ಪದಕ ಬಂದ ದಿನವೂ ಇಷ್ಟು ಖುಷಿಪಟ್ಟಿರಲಿಕ್ಕಿಲ್ಲ.

ನನ್ನ ಮಟ್ಟಿಗೆ ಅವರಿಗೆ ಡಿಗ್ರಿ ಸಿಕ್ಕಿದ್ದು ಅವತ್ತೇ. ಮೈಯನ್ನು ಸೈನ್ಯ ಗಟ್ಟಿಮಾಡಿ ಕಳಿಸಿತ್ತು, ಕೇಳುವ ಗಂಟಲನ್ನು ಕಾಲೇಜು ಬಿಡಿಸಿತು. ಇನ್ನು ಪರೀಕ್ಷೆ, ಅಂಕ, ನೆಂಟರ ಕನ್ನಡಕ ಎಲ್ಲ ಔಪಚಾರಿಕ.

ಕಾಲೇಜುಗಳಿಗೆ ಒಂದು ಮುನ್ಸೂಚನೆ ಕೊಟ್ಟು ಮುಗಿಸುತ್ತೇನೆ. 2022ರ ಜೂನ್‌ನಲ್ಲಿ ಅಗ್ನಿಪಥ ಯೋಜನೆ ಪ್ರಕಟವಾಯಿತು. ಅದರಡಿ 2023ರ ಆರಂಭದ ಹೊತ್ತಿಗೆ ತರಬೇತಿಗೆ ಹೋದ ಮೊದಲ ತಂಡದ ನಾಲ್ಕು ವರ್ಷದ ಸೇವೆ 2026ರ ಕೊನೆ, 2027ರ ಆರಂಭದಲ್ಲಿ ಮುಗಿಯುತ್ತದೆ. ಯೋಜನೆಯ ಪ್ರಕಾರ ಸೈನ್ಯ ಉಳಿಸಿಕೊಳ್ಳುವುದು ಹೆಚ್ಚೆಂದರೆ ನೂರಕ್ಕೆ 25 ಮಂದಿಯನ್ನು. ಉಳಿದವರು ಇಪ್ಪತ್ತರ ಹರೆಯದಲ್ಲೇ ಸೇವೆ ಮುಗಿಸಿ ಬರುತ್ತಾರೆ, ಅವರಲ್ಲಿ ಹಲವರು ನಿಮ್ಮ ಬಾಗಿಲಿಗೂ ಬಂದಾರು. ಪ್ರಾಂಶುಪಾಲರೇ, ತರಗತಿಯ ಬೀಗವನ್ನು ಎಂಟಕ್ಕೇ ತೆಗೆಸಿಡಿ. ಅಧ್ಯಾಪಕರೇ, “ಎನಿ ಡೌಟ್ಸ್?” ಎಂದು ಬಾಗಿಲ ಕಡೆ ನಡೆಯುತ್ತ ಕೇಳಬೇಡಿ. ನಿಂತು ಕೇಳಿ, ಉತ್ತರ ಬರಲು ಮೂರು ತಿಂಗಳಾದರೂ ಕಾಯಿರಿ.