ಯಾವ ಟೀಮಿಗೂ ಸಹಿ ಹಾಕದವನು

ಬೀದರಿನಲ್ಲಿ ಓಣಿಗೊಬ್ಬ ಇರುತ್ತಾನೆ. ಹನ್ನೊಂದಕ್ಕೆ ಎದ್ದು ನೌಬಾದಿನ ಚಹಾ ಅಂಗಡಿಗೆ ಬರುತ್ತಾನೆ, ಆದರೆ ಬಿಸಿ ಕಪ್ಪನ್ನು ಕೈಯಲ್ಲಿ ಹಿಡಿಯುವುದಿಲ್ಲ. ಹೆಬ್ಬೆರಳು ಸುಟ್ಟರೆ ಕರಿಯರ್ ಹೋಯಿತು. ‘ಏನ್ ಮಾಡ್ಲಾಕತ್ತೀಪಾ ಈಗ?’ ಎಂದು ಯಾರಾದರೂ ಕೇಳಿದರೆ, ‘ಪ್ರೋ ಪ್ಲೇಯರ್ ಅದೀನ್ರಿ, ಬಿಜಿಎಂಐ’ ಅನ್ನುತ್ತಾನೆ. ಅಂದರೆ ಮೊಬೈಲಿನಲ್ಲಿ ಗುಂಡು ಹಾರಿಸುವ ಆಟ. ಯಾವ ಟೀಮು ಎಂದು ಮಾತ್ರ ಕೇಳಬಾರದು. ಕರೆ ಬರುತ್ತಲೇ ಇವೆಯಂತೆ, ಇವನೇ ಸಹಿ ಹಾಕಿಲ್ಲವಂತೆ. ಇಂಡಿಪೆಂಡೆಂಟ್!

ಫೋನು ಅಪ್ಪನ ತೊಗರಿ ಮಾರಿದ ವರ್ಷದ್ದು. ರೀಚಾರ್ಜು ಅಕ್ಕನದು. ವೈಫೈ ಪಕ್ಕದ ಮನೆಯದು; ಅವರ ಟಿವಿ ಸರಿ ಮಾಡಿಕೊಟ್ಟಾಗ ಪಾಸ್‌ವರ್ಡ್ ತಾನಾಗಿ ಬಾಯಿಪಾಠವಾಗಿದೆ.

ನಾಲ್ವರ ಸ್ಕ್ವಾಡಿನಲ್ಲಿ ಇವನು ಐಜಿಎಲ್, ಅಂದರೆ ದಂಡನಾಯಕ. ಭಾಲ್ಕಿಯ ಸೋದರತ್ತೆ ಮಗ ಮುಂದೆ ನುಗ್ಗುವ ಅಸಾಲ್ಟರ್. ಔರಾದದ ಗೆಳೆಯ ಸಪೋರ್ಟ್. ಅವನ ಕೋಟೆ ಹೊಲದ ಮೋಟರ್ ಮನೆ. ಅಲ್ಲಿ ಮಾತ್ರ ನೆಟ್‌ವರ್ಕು ಸಿಗುತ್ತದೆ, ಅದೂ ಒಮ್ಮೊಮ್ಮೆ ಮಹಾರಾಷ್ಟ್ರದ್ದು. ನಾಲ್ಕನೆಯವನು ತಿಂಗಳಿಗೊಬ್ಬ. ಒಬ್ಬ ಹೈದರಾಬಾದಿಗೆ ದುಡಿಯಲು ಹೋದ, ಇನ್ನೊಬ್ಬನ ಫೋನು ತಂಗಿಯ ಪಾಲಾಯಿತು.

ಸ್ಕ್ರಿಮ್ಸ್, ಅಂದರೆ ತಾಲೀಮಿನ ಪಂದ್ಯ, ನಡೆಯುವುದು ರಾತ್ರಿ. 16 ಸ್ಕ್ವಾಡು, 64 ಮಂದಿ. ಕೊನೆಗೆ ಉಳಿದ ಸ್ಕ್ವಾಡಿಗೆ 10 ಅಂಕ, ಹೊಡೆದ ತಲೆಗೊಂದು ಅಂಕ. ಹುಕುಮು ದಖನಿಯಲ್ಲಿ, ಬೈಗುಳ ಕನ್ನಡದಲ್ಲಿ. ಒಂದು ರಾತ್ರಿ ಆಟಗಾರರು ಒಳಗೇ ಇರಬೇಕಾದ ಝೋನು ಅಂಗಳದಷ್ಟು ಕುಗ್ಗಿ ಎರಡೇ ಸ್ಕ್ವಾಡು ಉಳಿದಿದ್ದವು. ಇವನು ಉಸಿರು ಬಿಗಿಹಿಡಿದು ಹುಲ್ಲಿನಲ್ಲಿ ಮಲಗಿದ್ದ. ‘ಹಾಲ್ ಒಲಿ ಮ್ಯಾಗ ಅದ, ನೋಡ್ಕೋರೋ!’ ಅಂತ ಅವ್ವ ಕೂಗಿದಳು. ಮೈಕು ಎಲ್ಲರಿಗೂ ತೆರೆದಿತ್ತು. ವೈರಿ ಕೂಡ ಒಂದು ಕ್ಷಣ ಗುಂಡು ನಿಲ್ಲಿಸಿದ. ‘ಭಾಯ್, ಮೊದಲ ಹಾಲ್ ನೋಡ್’ ಎಂದ ಔರಾದದವನು. ಅಷ್ಟರಲ್ಲಿ ಹಾಲೂ ಉಕ್ಕಿತು, ಸ್ಕ್ವಾಡೂ ಮುಗಿಯಿತು. ‘ಪಿಂಗ್ ಬಂತು’ ಎಂದ ಇವನು, ಅಂದರೆ ನೆಟ್‌ವರ್ಕು ತಡವಾಯಿತು. ಸೋತದ್ದೆಲ್ಲ ಪಿಂಗಿನಿಂದ, ಗೆದ್ದದ್ದೆಲ್ಲ ಕೈಚಳಕದಿಂದ. ಇದರಲ್ಲಿ ಅವನು ನಮ್ಮ ರಾಜಕಾರಣಿಗಳಿಗಿಂತ ಹೆಚ್ಚೇನೂ ಸುಳ್ಳು ಹೇಳುವುದಿಲ್ಲ.

ಸೇವಾ ಅವಧಿಯಲ್ಲಿ ಖಾಲಿ ವರ್ಷಗಳಿವೆ, ಒಂದಕ್ಕೂ ಇವನು ಹೊಣೆಯಲ್ಲ. 2020ರ ಸೆಪ್ಟೆಂಬರಿನಲ್ಲಿ ಪಬ್‌ಜಿ ನಿಷೇಧವಾದಾಗ ಎರಡು ಹೊತ್ತು ಉಣ್ಣಲಿಲ್ಲ. ಯಾವಳೋ ಕೈಕೊಟ್ಟಳೆಂದು ತಿಳಿದ ಅವ್ವ ಅವನ ಮುಂದೆ ಸುಮ್ಮನೆ ರೊಟ್ಟಿ ಇಟ್ಟು ಹೋದಳು. 2021ರ ಜುಲೈಗೆ ಅದೇ ಆಟ ಬಿಜಿಎಂಐ ಆಗಿ ಬಂತು. ಆ ವರ್ಷದ ಅಖಿಲ ಭಾರತ ಟೂರ್ನಿಗೆ ಒಂದು ಕೋಟಿ ಬಹುಮಾನ. ಗೆದ್ದರೆ ಬರುವ ತನ್ನ ಪಾಲಿನಲ್ಲಿ ಇವನು ಟ್ರ್ಯಾಕ್ಟರು ಕೂಡ ನೋಡಿಟ್ಟಿದ್ದ. ಆದರೆ 2022ರ ಜುಲೈ ಕೊನೆಗೆ ಆಟ ಪ್ಲೇ ಸ್ಟೋರಿನಿಂದಲೇ ಮಾಯವಾಯಿತು, ಮತ್ತೆ ಕಂಡದ್ದು 2023ರ ಮೇ ತಿಂಗಳಲ್ಲಿ. ಸರ್ಕಾರದ ತಮಾಷೆ ನೋಡಿ: ಇ-ಸ್ಪೋರ್ಟ್ಸ್ ಕೂಡ ಕ್ರೀಡೆಯೇ ಎಂದು ಕ್ರೀಡಾ ಸಚಿವಾಲಯಕ್ಕೆ ಒಪ್ಪಿಸಿದ್ದು 2022ರ ಡಿಸೆಂಬರಿನಲ್ಲಿ. ಅಂದರೆ ಇವನು ಕ್ರೀಡಾಪಟುವಾದ ದಿನ ಆಡಲು ಅಂಗಳವೇ ಇರಲಿಲ್ಲ.

2025ರ ಆಗಸ್ಟಿನ ಕಾಯ್ದೆ ಹಣ ಹಚ್ಚಿ ಆಡುವ ಆಟಗಳನ್ನು ನಿಷೇಧಿಸಿ ಇ-ಸ್ಪೋರ್ಟ್ಸಿಗೆ ಮಾನ್ಯತೆ ಕೊಟ್ಟಿತಲ್ಲ, ಆ ಸುದ್ದಿಯನ್ನು ಕತ್ತರಿಸಿ ಬಸವಣ್ಣನ ಪಟದ ಪಕ್ಕ ಅಂಟಿಸಿದ. ಅಪ್ಪ ಚಸ್ಮಾ ಏರಿಸಿ ಪೂರ್ತಿ ಓದಿದ. ‘ಪಗಾರದ ಸುದ್ದಿ ಯಾವ ಪುಟದಾಗ ಅದ?’

ಕಡೆಗೆ ಮಾಮಾ ಔರಾದದಲ್ಲಿ ಹೆಣ್ಣು ನೋಡಲು ಕರೆದೊಯ್ದ. ‘ಹುಡ್ಗ ಏನ್ ಮಾಡ್ತಾನ್ರಿ?’ ‘ಕಂಪ್ಯೂಟರ್ ಲೈನಿನಾಗ ಅದಾನ್ರಿ’ ಎಂದ ಮಾಮಾ. ಇವನು ತಿದ್ದಿದ: ‘ಮೊಬೈಲ್ ಲೈನ್.’ ದನಿ ಕೇಳಿದ್ದೇ ತಡ, ಹುಡುಗಿಯ ಪಿಯುಸಿ ಓದುವ ತಮ್ಮ ಒಳಗಿನಿಂದ ಓಡಿಬಂದ.

‘ಅಣ್ಣಾ, ಆವತ್ತು ಹಾಲ್ ಉಕ್ಕಿದ್ದು ನಿಮ್ಮ ಮನ್ಯಾಗೇನ್ರಿ? ನಿಮಗ ಹೊಡದಾಂವ ನಾನ!’

ಸಂಬಂಧ ಕೂಡಲಿಲ್ಲ. ಸ್ಕ್ವಾಡಿನ ನಾಲ್ಕನೆಯ ಜಾಗ ಮಾತ್ರ ಭರ್ತಿಯಾಯಿತು. ಹದಿನೈದು ದಿನಕ್ಕೆ ಹುಡುಗಿಯ ಅಪ್ಪನ ಫೋನು ಮಾಮಾನಿಗೆ ಬಂತು: ‘ಮಗಳಿಗಿ ಕೊಡ್ಲಿಲ್ಲಂತ ಮಗನ್ನ ಒಯ್ದ್ರೇನ್ರಿ?’