ಆಸ್ಟಿನ್ನಿನ ಬಾಣಂತಿ

ಗೂಬೆ ಬೆಳಿಗ್ಗೆ ಆರಕ್ಕೆ ಏಳುತ್ತದೆ, ರಾತ್ರಿಯಿಡೀ ಕೂತಲ್ಲೇ ತೂಕಡಿಸುತ್ತದೆ ಎಂದರೆ ನಗಬೇಡಿ. ನಮ್ಮ ಮನೆಯ ಗೂಬೆಯ ದಿನಚರಿ ಇರುವುದೇ ಹಾಗೆ. ಅದು ವಾಸವಾಗಿರುವುದು ಅಮೆರಿಕದ ಟೆಕ್ಸಾಸ್ ರಾಜ್ಯದ ಆಸ್ಟಿನ್ ನಗರದಲ್ಲಿ. ನಾವು ಅದನ್ನು ನೋಡುವುದು ಶಿವಮೊಗ್ಗದ ವಿನೋಬನಗರದಲ್ಲಿ, ಹಾಲಿನ ಟೀವಿಯಲ್ಲಿ. ಫೆಬ್ರವರಿ ಕೊನೆಯ ಹೊತ್ತಿಗೆ ಅಲ್ಲಿ ಸೂರ್ಯ ಮುಳುಗಿದರೆ ಇಲ್ಲಿ ಬೆಳಗಿನ ಆರು ಗಂಟೆ. ಕತ್ತಲಾಯಿತೆಂದು ಅದು ರೆಕ್ಕೆ ಕೊಡವಿ ಮೈಮುರಿಯುತ್ತದೆ, ಬೆಳಗಾಯಿತೆಂದು ನಾವು. ಏಳು ಗಂಟೆಗೆ ಮುಂಚೆ ಹಾಸಿಗೆ ಬಿಟ್ಟು ಗೊತ್ತಿಲ್ಲದ ನನಗೆ ಅಮ್ಮ ಈಗ ಗೂಬೆಯನ್ನು ತೋರಿಸಿ ಬುದ್ಧಿ ಹೇಳುತ್ತಾಳೆ. "ಅದನ್ನ ನೋಡಿಯಾದರೂ ಕಲಿ. ಸೂರ್ಯ ಹುಟ್ಟೋದರೊಳಗೆ ಎದ್ದು ಕೂತಿದೆ."

ಇದೆಲ್ಲ ಮಗಳು ಹಚ್ಚಿದ ಹುಚ್ಚು. ಅವಳು ಆಸ್ಟಿನ್ನಿನಲ್ಲಿ ಕೆಲಸ ಮಾಡುತ್ತಾಳೆ. "ನಮ್ಮೂರಿನ ಗೂಬೆ ನೋಡಿ" ಎಂದು ಒಂದು ಲಿಂಕ್ ಕಳಿಸಿದಳು. ನಮ್ಮೂರು ಎಂದರೆ ಶಿವಮೊಗ್ಗವೇ ಎಂದುಕೊಂಡ ನನ್ನ ಹೆಂಡತಿ ಮೊದಲು ಎದ್ದುಹೋಗಿ ಕಿಟಕಿ ಹಾಕಿಬಂದಳು. ಆಮೇಲೆ ಫೋನಿನಲ್ಲಿ, "ನಿನಗೆ ಅದು ಯಾವಾಗ ನಮ್ಮೂರಾಯ್ತೇ?" ಎಂದು ಕೇಳಿದಳು. ಆ ಪ್ರಶ್ನೆಗೆ ಉತ್ತರ ಬರಲಿಲ್ಲ, ಗೂಬೆಯ ಬಗ್ಗೆ ಬಂತು.

ಅಲ್ಲಿ ಲೇಡಿ ಬರ್ಡ್ ಜಾನ್ಸನ್ ವೈಲ್ಡ್‌ಫ್ಲವರ್ ಸೆಂಟರ್ ಎಂಬ ಸಸ್ಯೋದ್ಯಾನವಿದೆ. ಅಧ್ಯಕ್ಷರಾಗಿದ್ದ ಲಿಂಡನ್ ಜಾನ್ಸನ್ನರ ಪತ್ನಿ ಲೇಡಿ ಬರ್ಡ್, ನಟಿ ಹೆಲೆನ್ ಹೇಯ್ಸ್ ಜೊತೆ ಸೇರಿ 1982ರಲ್ಲಿ ಕಟ್ಟಿದ ಸಂಸ್ಥೆ. ಅದರ ಅಂಗಳಕ್ಕೆ ಹೋಗುವ ಬಾಗಿಲ ಮೇಲಿನ ಕಲ್ಲಿನ ಗೂಡಿನಲ್ಲಿ, ಗಿಡದ ಮರೆಯಲ್ಲಿ, ಹತ್ತು ವರ್ಷಕ್ಕೂ ಮೀರಿ ಒಂದು ಹೆಣ್ಣು ಗೂಬೆ ಮರಿ ಮಾಡುತ್ತ ಬಂದಿದೆ. ಗ್ರೇಟ್ ಹಾರ್ನ್ಡ್ ಔಲ್ ಜಾತಿಯದು, ನಮ್ಮ ಕೊಂಬಿನ ಗೂಬೆಯ ದಾಯಾದಿ. ಹೆಸರು ಅಥೀನಾ. ಕೆಳಗಡೆ ಜನ ಓಡಾಡುತ್ತಲೇ ಇರುತ್ತಾರೆ, ಅದು ಮೇಲೆ ಕೂತು ಅರೆಗಣ್ಣಿನಲ್ಲಿ ಲೆಕ್ಕ ಇಡುತ್ತಿರುತ್ತದೆ. ಕಾರ್ನೆಲ್ ವಿಶ್ವವಿದ್ಯಾಲಯದ ಪಕ್ಷಿ ಪ್ರಯೋಗಾಲಯದವರು ಅಲ್ಲೊಂದು ಕ್ಯಾಮೆರಾ ಇಟ್ಟು ಹಗಲೂ ರಾತ್ರಿ ಜಗತ್ತಿಗೆಲ್ಲ ತೋರಿಸುತ್ತಿದ್ದಾರೆ.

ನಮ್ಮ ಕಡೆ ಮುಂಬಾಗಿಲ ಮೇಲೆ ಗಜಲಕ್ಷ್ಮಿಯನ್ನು ಕೆತ್ತಿಸುತ್ತೇವೆ. ಅದೇ ಜಾಗದಲ್ಲಿ ಸಾಕ್ಷಾತ್ ಗೂಬೆ ಕೂತಿರುವುದನ್ನು ಕಂಡು ಅಮ್ಮನಿಗೆ ಮೊದಲು ಎದೆ ಧಸಕ್ಕೆಂದಿತು. ಬಂಗಾಳದಲ್ಲಿ ಗೂಬೆಯೇ ಲಕ್ಷ್ಮಿಯ ವಾಹನ, ಪೂಜೆಯ ಪಟದಲ್ಲೂ ಪಕ್ಕದಲ್ಲಿ ಕೂತಿರುತ್ತದೆ ಎಂದು ನಾನು ಹೇಳಿದ ಮೇಲೆ ಸ್ವಲ್ಪ ಸಮಾಧಾನವಾಯಿತು. "ಹಾಗಾದರೆ ಆನೆ ಅಲ್ಲಿಗೆ ಹೋಗೋಕಾಗದೆ ಇದನ್ನ ಕಳಿಸಿರಬೇಕು" ಅಂದಳು. ಆವತ್ತಿನಿಂದ ದೇವರ ದೀಪ ಹಚ್ಚಿದ ಕೂಡಲೇ ಟೀವಿಯೂ ಹತ್ತುತ್ತದೆ.

ಮೊಟ್ಟೆಗೆ ಕೂತ ಗೂಬೆಯನ್ನು ನೋಡುವುದರಲ್ಲಿ ಏನಿದೆ ಎಂದು ಕೇಳಬೇಡಿ. ಏನೂ ಇಲ್ಲ. ಒಂದು ತಿಂಗಳ ಮೇಲೆ ಅದು ಅಲ್ಲಾಡದೆ ಕೂತಿರುತ್ತದೆ, ನಾವು ಅಲ್ಲಾಡದೆ ನೋಡುತ್ತಿರುತ್ತೇವೆ. ನಡುನಡುವೆ ತಲೆ ತಿರುಗಿಸುತ್ತದೆ. ಗೂಬೆಯ ಕಣ್ಣುಗುಡ್ಡೆ ನಮ್ಮದರ ಹಾಗೆ ಆಚೀಚೆ ಹೊರಳುವುದಿಲ್ಲ. ಪಕ್ಕಕ್ಕೆ ನೋಡಬೇಕೆಂದರೆ ಇಡೀ ತಲೆಯನ್ನೇ ತಿರುಗಿಸಬೇಕು. ಅದಕ್ಕೇ ಕುತ್ತಿಗೆಯಲ್ಲಿ ಹದಿನಾಲ್ಕು ಮೂಳೆ, ನಮಗಿರುವುದರ ಎರಡರಷ್ಟು. 270 ಡಿಗ್ರಿಯವರೆಗೂ ತಿರುಗುತ್ತದೆ. ಕುತ್ತಿಗೆ ನೋವಿಗೆ ಪಟ್ಟಿ ಕಟ್ಟಿಕೊಂಡು ಕೂತ ನನಗೆ ಇದು ದಿನಾ ಬೆಳಿಗ್ಗೆ ಮಾಡುವ ಅಪಮಾನ.

ಅಸಲು ಸಂಗತಿ ಬೇರೆ ಇದೆ. ಮಗಳು ಫೋನ್ ಮಾಡುವುದು ವಾರಕ್ಕೊಮ್ಮೆ, ಗೂಬೆ ಸಿಗುವುದು ಇಪ್ಪತ್ನಾಲ್ಕು ಗಂಟೆ. ಗೂಡಿನ ಮುಂದಿನ ಗಿಡದ ಎಲೆ ತೊಟ್ಟಿಕ್ಕುವುದು ಕಂಡರೆ ನನ್ನ ಹೆಂಡತಿಯಿಂದ ಆಸ್ಟಿನ್ನಿಗೆ ವಾಟ್ಸಾಪ್ ಹೋಗುತ್ತದೆ: "ಮಳೆ ಬರ್ತಿದೆ, ಕೊಡೆ ತಗೊಂಡು ಹೋಗು." ಗೂಬೆ ಪುಕ್ಕ ಉಬ್ಬಿಸಿಕೊಂಡು ಕೂತರೆ "ಸ್ವೆಟರ್ ಹಾಕ್ಕೋ." ಗಾಳಿಗೆ ಕ್ಯಾಮೆರಾ ನಡುಗಿದರೆ "ಕಾರು ನಿಧಾನ ಓಡಿಸು." "ನಮ್ಮ ಆಫೀಸಿನ ಎಂಟನೇ ಮಹಡಿಯಲ್ಲಿ ನನಗೇ ಮಳೆ ಬರ್ತಿರೋದು ಗೊತ್ತಿಲ್ಲ, ನಿಮಗೆ ಹೇಗೆ ಗೊತ್ತಾಗತ್ತಮ್ಮಾ?" ಎಂದು ಅವಳು ಕೇಳಿದರೆ ಇವಳು ಗಂಭೀರವಾಗಿ, "ಗೊತ್ತಾಗತ್ತೆ" ಅನ್ನುತ್ತಾಳೆ. ಮಾರ್ಚ್ ತಿಂಗಳ ಎರಡನೇ ಭಾನುವಾರ ಅಮೆರಿಕದವರು ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿಕೊಂಡರು. ಮಗಳ ಫೋನು ಒಂದು ಗಂಟೆ ಮೊದಲೇ ಬಂದು ಇಡ್ಲಿ ಹಿಟ್ಟು ರುಬ್ಬುವ ಸದ್ದಿನಲ್ಲಿ ಕೇಳಿಸದೇ ಹೋಯಿತು. ಗೂಬೆ ಮಾತ್ರ ನಿನ್ನೆ ಎದ್ದ ಹೊತ್ತಿಗೇ ಎದ್ದಿತ್ತು. "ಯಾರಿಗೆ ಮರ್ಯಾದೆ ಜಾಸ್ತಿ ನೋಡು" ಎಂದಳು ಅಮ್ಮ.

ಏಪ್ರಿಲ್ ಬಂತು, ಮೊಟ್ಟೆ ಒಡೆಯಿತು, ಮನೆಯ ಯಜಮಾನಿಕೆ ಪೂರ್ತಿ ಅಮ್ಮನ ಕೈಗೆ ಹೋಯಿತು. ಬಾಣಂತನದ ವಿಷಯದಲ್ಲಿ ಅವಳ ಮುಂದೆ ಯಾರೂ ಮಾತಾಡುವಂತಿಲ್ಲ. ಈ ಜಾತಿಯ ಗೂಬೆ ಗೂಡು ಕಟ್ಟುವುದಿಲ್ಲ, ಸಿಕ್ಕ ಜಾಗದಲ್ಲಿ ಕೂತು ಮೊಟ್ಟೆ ಇಡುತ್ತದೆ ಎಂದು ತಿಳಿದಾಗಲೇ ಅವಳಿಗೆ ಬೇಜಾರಾಗಿತ್ತು. "ಬರೀ ಮಣ್ಣಿನ ಮೇಲೆ ಮಲಗಿಸಿಕೊಂಡಿದೆಯಲ್ಲೋ, ಒಂದು ಹಳೇ ಸೀರೆನಾದರೂ ಹಾಸಬಾರದಾ? ಬಾಣಂತಿಗೆ ಹೀಗೆ ಗಾಳಿ ಬಡಿದರೆ ಮುಂದೆ ಸೊಂಟ ಹಿಡಿಯತ್ತೆ." ಗಂಡು ಗೂಬೆಯ ಮೇಲೆ ಮಾತ್ರ ಅವಳಿಗೆ ಒಳ್ಳೆಯ ಅಭಿಪ್ರಾಯ. ಹೆಣ್ಣು ಗೂಡು ಬಿಟ್ಟು ಏಳುವುದಿಲ್ಲ, ಬೇಟೆಯೆಲ್ಲ ಗಂಡಿನದು. ತಂದು ಕೊಟ್ಟು, ಎರಡು ಸಲ ಹೂಂಗುಟ್ಟಿ, ಮಾತಿಲ್ಲದೆ ಹೊರಟುಹೋಗುತ್ತದೆ. "ತಂದು ಹಾಕತ್ತೆ, ಎದುರು ಮಾತಾಡಲ್ಲ" ಎಂದು ಅಮ್ಮ ಹೇಳಿದಾಗ ನನ್ನ ಹೆಂಡತಿ ನನ್ನ ಕಡೆ ನೋಡಿದಳು. ಅವಳ ಕುತ್ತಿಗೆ 270 ಡಿಗ್ರಿ ತಿರುಗಬೇಕಾಗಿರಲಿಲ್ಲ, ನಾನು ಪಕ್ಕದಲ್ಲೇ ಇದ್ದೆ.

ತೊಂದರೆ ಇದ್ದದ್ದು ಊಟದ ವೇಳೆಯಲ್ಲಿ. ಅವರ ರಾತ್ರಿಯೂಟವೂ ನಮ್ಮ ಬೆಳಗಿನ ತಿಂಡಿಯೂ ಒಂದೇ ಹೊತ್ತಿಗೆ. ಏಕಾದಶಿಗೆ ಬೆಳ್ಳುಳ್ಳಿ ಮುಟ್ಟದ ಮನೆ ನಮ್ಮದು. ಒಂದು ದಿನ ಗಂಡು ಒಂದು ಇಲಿ ತಂದಿಟ್ಟು ಹೋಯಿತು. ತಾಯಿ ಅದನ್ನು ಕಾಲಿನಡಿ ಒತ್ತಿಹಿಡಿದು, ಚೂರು ಚೂರು ಕಿತ್ತು, ಕಣ್ಣು ಮುಚ್ಚಿಕೊಂಡು, ಬಹಳ ನಾಜೂಕಾಗಿ ಮರಿಯ ಬಾಯಿಗಿಟ್ಟಿತು. ಕೊನೆಗೆ ಉಳಿದ ಬಾಲದ ತುಂಡು ದೊಡ್ಡ ಮರಿಯ ಕೊಕ್ಕಿನಿಂದ ಹೊರಗೆ ಜೋತುಬಿದ್ದಿತ್ತು. ಮರಿ ಒಂದು ಗುಟುಕು ನುಂಗಿತು, ಬಾಲ ಸ್ವಲ್ಪ ಒಳಗೆ ಹೋಯಿತು. ನಿಂತಿತು. ಇನ್ನೊಂದು ಗುಟುಕು, ಇನ್ನೊಂದಿಷ್ಟು. ನನ್ನ ಬಾಯಿಯಿಂದ ಒತ್ತುಶಾವಿಗೆ ಜೋತಾಡುತ್ತಿತ್ತು. ನಮ್ಮ ಮನೆಯಲ್ಲಿ ಒತ್ತುಶಾವಿಗೆ ಈಗ ಸಂಜೆ ಮಾತ್ರ ಮಾಡುತ್ತಾರೆ. ಅಮ್ಮ ಮಾತ್ರ ಕದಲಲಿಲ್ಲ. "ಅದರ ಊಟ ಅದು ಮಾಡ್ತಿದೆ. ನೀನು ನಿನ್ನ ಊಟ ಮಾಡು. ತಿನ್ನೋವಾಗ ಇನ್ನೊಬ್ಬರ ಬಾಯಿ ನೋಡಬಾರದು."

ಇದರ ನಡುವೆ ಒಂದು ಮುಂಜಾನೆ ಬುಡುಬುಡಿಕೆಯವನು ಬಂದ. ಹಾಲಕ್ಕಿಯ ಶಕುನ ಹೇಳುವುದು ಅವರ ಕುಲಕಸುಬು. ಹಾಲಕ್ಕಿ ಎಂದರೆ ನಮ್ಮ ಹುಣಸೆಮರದ ಪೊಟರೆಯಲ್ಲಿರುವ ಅಂಗೈಯಗಲದ ಚುಕ್ಕೆ ಗೂಬೆ. ಬಾಗಿಲಲ್ಲಿ ನಿಂತವನ ಕಣ್ಣು ಟೀವಿಯ ಮೇಲೆ ಬಿತ್ತು. ಬುಡುಬುಡಿಕೆ ಅಲ್ಲಾಡಿಸುತ್ತಿದ್ದ ಕೈ ನಿಂತುಹೋಯಿತು. ನಲವತ್ತೆರಡು ಅಂಗುಲದ ಪರದೆ ತುಂಬ, ಹಳದಿ ಕಣ್ಣು ಬಿಟ್ಟುಕೊಂಡು, ಅವನ ಕುಲದೇವತೆ.

"ಇದ್ಯಾವ ಸೀಮೆ ಹಾಲಕ್ಕಿ ತಾಯೇ?"

"ಅಮೆರಿಕದ್ದು ಕಣಪ್ಪ. ಅದೇನು ಹೇಳತ್ತೆ ನೋಡು."

ಅವನು ಸ್ವಲ್ಪ ಹೊತ್ತು ಕಿವಿಗೊಟ್ಟ. ಅಥೀನಾ ಒಂದು ಸಲ ಹೂಂಗುಟ್ಟಿತು. "ಇದರ ಭಾಷೆ ಬ್ಯಾರೆ ಐತೆ ತಾಯಿ, ಆದರೂ ಅರ್ಥ ಆಯ್ತದೆ. ಈ ಮನೆ ಹೆಣ್ಣು ಮಗಳು ಸಮುದ್ರದಾಚೆ ಅವ್ಳೆ. ಚೆನ್ನಾಗವ್ಳೆ. ವರ್ಷದೊಳಗೆ ಬತ್ತಾಳೆ." ಮಗಳು ಪದವಿಯ ಟೋಪಿ ಹಾಕಿಕೊಂಡು ನಿಂತ ಫೋಟೋ ಅವನ ಎದುರು ಗೋಡೆಯಲ್ಲೇ ಇತ್ತು ಎಂಬುದನ್ನು ನಾನು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅಮ್ಮ ನನ್ನ ಒಳ್ಳೆಯ ಅಂಗಿಯೊಂದನ್ನು ತಂದು ಅವನಿಗೆ ಕೊಟ್ಟಾಗಿತ್ತು.

ಹೀಗಿರುವಾಗ ಭದ್ರಾವತಿಯಿಂದ ಅಕ್ಕನ ಫೋನು ಬಂತು. ಅಕ್ಕನ ಮನೆ ಪೇಪರ್ ಟೌನಿನ ಅಂಚಿನಲ್ಲಿದೆ. ಬಿ.ಎಚ್. ರಸ್ತೆ ಹಿಡಿದರೆ ನಮ್ಮಿಂದ ಮುಕ್ಕಾಲು ಗಂಟೆಯ ದಾರಿ. ಭಾವ ಮೈಸೂರು ಕಾಗದ ಕಾರ್ಖಾನೆಯಲ್ಲಿದ್ದವರು. 2015ರಲ್ಲಿ ಉತ್ಪಾದನೆ ನಿಂತಿತು, ವಸತಿಗೃಹಗಳು ಒಂದೊಂದಾಗಿ ಖಾಲಿಯಾದವು. ಅಕ್ಕನ ಕಾಂಪೌಂಡಿನಾಚೆಗಿನ ಬೀಗ ಹಾಕಿದ ಮನೆಯ ಗವಾಕ್ಷಿಯಲ್ಲಿ ಈಗ ಗೂಬೆ ಸಂಸಾರ ಹೂಡಿದೆಯಂತೆ.

"ರಾತ್ರಿ ಎಲ್ಲಾ ಕಿರುಚತ್ತೆ ಕಣೋ. ಹಳೇ ಬಟ್ಟೆ ಪರ್ರ್ ಅಂತ ಹರಿದ ಹಾಗೆ. ಭಟ್ಟರನ್ನ ಕೇಳಿದೆ, ಶಾಂತಿ ಮಾಡಿಸಬೇಕಂತೆ. ಮನೆಯೊಳಗೆ ಬಂದುಬಿಟ್ಟರೆ ಮೂರು ತಿಂಗಳು ಮನೆ ಬಿಡಬೇಕಂತೆ."

ಹಿಂದಿನಿಂದ ಭಾವನ ಧ್ವನಿ ಕೇಳಿತು: "ಅದು ಬರೋ ಮೊದಲೇ ಎಲ್ಲಾ ಮನೆ ಬಿಟ್ಟಾಗಿದೆ ಮಾರಾಯ್ತಿ, ಇನ್ನು ಬಿಡೋಕೆ ಯಾರು ಉಳಿದಿದಾರೆ?"

ಅಮ್ಮ ನನ್ನ ಕೈಯಿಂದ ಫೋನು ಕಿತ್ತುಕೊಂಡು, "ಇವತ್ತೇ ಮಾಡಿಸು, ನಾಳೆ ಅನ್ನಬೇಡ" ಎಂದು ಆಜ್ಞೆ ಕೊಟ್ಟಳು. ಮಾತು ಸರಿಯಾಗಿ ಕೇಳಲೆಂದು ಅಥೀನಾಳ ಧ್ವನಿ ಕಡಿಮೆ ಮಾಡಿಕೊಂಡಿದ್ದಳು.

"ಅಮ್ಮಾ, ಎದುರಿಗೆ ಕೂತಿರೋದು ಏನು?"

"ಅದು ಬೇರೆ ಕಣೋ. ಅದು ಅಲ್ಲಿದೆ."

ಅಕ್ಕನ ಹೆದರಿಕೆಗೆ ನಗುವ ಯೋಗ್ಯತೆ ಯಾರಿಗಿದೆ ಹೇಳಿ. 2018ರಲ್ಲಿ ತೆಲಂಗಾಣದ ಚುನಾವಣೆ ಹತ್ತಿರ ಬಂದಾಗ ನಮ್ಮ ಕಲಬುರಗಿ ಜಿಲ್ಲೆಯ ಸೇಡಂ ಕಡೆ ಗೂಬೆ ಸಾಗಿಸುತ್ತಿದ್ದವರನ್ನು ಪೊಲೀಸರು ಹಿಡಿದಿದ್ದರು. ಎದುರಾಳಿಯ ಅದೃಷ್ಟ ಕೆಡಿಸಲು ಮಾಟಕ್ಕೆ ಬೇಕಾಗಿತ್ತಂತೆ. ಗೂಬೆ ಹಿಡಿದರೆ 1972ರ ವನ್ಯಜೀವಿ ಕಾಯ್ದೆಯಡಿ ಜೈಲು. ಗೂಬೆಯನ್ನು ನಂಬಿ ಠೇವಣಿ ಕಳೆದುಕೊಂಡವನಿಗೆ ಯಾವ ಕಾಯ್ದೆಯೂ ಇಲ್ಲ.

ಶಾಂತಿಯ ಸಾಮಾನಿನ ಪಟ್ಟಿ ಬರೆಯುವಷ್ಟರಲ್ಲಿ ಅಳಿಯ ನಡುವೆ ಬಂದ. ಅಕ್ಕನ ಮಗ. ಕಾಯಿ ಕದಿಯುವವರ ಕಾಟಕ್ಕೆ ಹಿತ್ತಲಿನಲ್ಲೊಂದು ಸಿಸಿ ಕ್ಯಾಮೆರಾ ಹಾಕಿಸಿದ್ದ. ಅದನ್ನು ಗವಾಕ್ಷಿಯ ಕಡೆ ತಿರುಗಿಸಿ, ಅದರ ಆ್ಯಪನ್ನು ನನ್ನ ಫೋನಿಗೂ ಹಾಕಿಕೊಟ್ಟ. ಲೈಟು ಹಾಕಲೇ ಮಾವ ಎಂದವನಿಗೆ ಬೇಡವೆಂದೆ. ಕ್ಯಾಮೆರಾದ ಅತಿಗೆಂಪು ಬೆಳಕು ಸಾಕು, ಗೂಡಿನ ಹತ್ತಿರ ಸುಳಿಯಲೂ ಬೇಡ. ಹಾಗೆ ಭದ್ರಾವತಿಯ ನೇರ ಪ್ರಸಾರ ಶುರುವಾಯಿತು.

ಇದು ಕಣಜ ಗೂಬೆ. ಹೃದಯದಾಕಾರದ ಬಿಳಿ ಮುಖ. ಇದು ಹೂಂಗುಟ್ಟುವುದಿಲ್ಲ, ಕಿರುಚುತ್ತದೆ. ಒಂದು ಕಿವಿ ಮೇಲೆ, ಒಂದು ಕಿವಿ ಕೆಳಗೆ ಇರುವುದರಿಂದ ಸದ್ದು ಎಲ್ಲಿಂದ ಬಂತೆಂದು ಕಗ್ಗತ್ತಲಲ್ಲೂ ಕರಾರುವಾಕ್ಕಾಗಿ ಗೊತ್ತುಮಾಡಿಕೊಳ್ಳುತ್ತದೆ. ಭದ್ರಾ ನಾಲೆಯ ಗದ್ದೆಗಳಲ್ಲಿ ಇಲಿಗೇನೂ ಬರವಿಲ್ಲ. ಲಕ್ಷದ್ವೀಪದ ಕವರತ್ತಿಯಲ್ಲಿ ತೆಂಗು ಹಾಳುಮಾಡುವ ಇಲಿಗಳ ಮೇಲೆ ಸರ್ಕಾರವೇ ಇದೇ ಗೂಬೆಯನ್ನು ತಂದು ಬಿಟ್ಟು ಪ್ರಯೋಗ ಮಾಡಿದೆ ಎಂದಾಗ ಅಕ್ಕ ತಮ್ಮ ತೆಂಗಿನಮರಗಳ ಕಡೆ ಒಮ್ಮೆ ನೋಡಿದಳು. ಶಾಂತಿ ಮುಂದಕ್ಕೆ ಹೋಯಿತು.

ಗವಾಕ್ಷಿಯ ಬಾಯಲ್ಲಿ ಮರಿಗಳು ಸಾಲಾಗಿ ಬಂದು ನಿಂತಾಗ ಒಂದೊಂದೂ ಒಂದೊಂದು ಅಳತೆ. ತಾಯಿ ಎರಡು ಮೂರು ದಿನಕ್ಕೊಂದರಂತೆ ಮೊಟ್ಟೆ ಇಟ್ಟು, ಮೊದಲನೆಯದರಿಂದಲೇ ಕಾವು ಕೊಡುವುದರಿಂದ ಹಿರಿಯದಕ್ಕೂ ಕಿರಿಯದಕ್ಕೂ ಅಷ್ಟು ಅಂತರ. ಸ್ವಿಟ್ಜರ್ಲೆಂಡಿನ ಲೋಸಾನ್ ವಿಶ್ವವಿದ್ಯಾಲಯದ ಅಲೆಕ್ಸಾಂಡರ್ ರೂಲಾಂ ಮತ್ತು ಸಂಗಡಿಗರು ಈ ಮರಿಗಳನ್ನು ವರ್ಷಗಟ್ಟಲೆ ಗಮನಿಸಿದ್ದಾರೆ. ಅಪ್ಪ ಅಮ್ಮ ಹೊರಗೆ ಹೋದಾಗ ಮುಂದಿನ ಇಲಿ ಯಾರಿಗೆಂದು ಮರಿಗಳು ಸರದಿಯ ಮೇಲೆ ಕೂಗಿ ಮೊದಲೇ ಇತ್ಯರ್ಥ ಮಾಡಿಕೊಳ್ಳುತ್ತವೆ. ಹೆಚ್ಚು ಹಸಿದದ್ದು ಹೆಚ್ಚು ಕೂಗುತ್ತದೆ, ಉಳಿದವು ಸುಮ್ಮನಾಗುತ್ತವೆ. ದೊಡ್ಡದು ತನ್ನ ಪಾಲನ್ನು ಚಿಕ್ಕದಕ್ಕೆ ಕೊಡುವುದೂ ಉಂಟು. ಭಾವನಿಗೂ ಅವರ ತಮ್ಮಂದಿರಿಗೂ ಎರಡು ಎಕರೆ ಅಡಿಕೆ ತೋಟದ ವ್ಯಾಜ್ಯ ಬಹಳ ಕಾಲದಿಂದ ನಡೆಯುತ್ತಿದೆ. ಇದನ್ನು ಕೇಳಿ ಭಾವ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು.

"ವಕೀಲರಿಲ್ಲದೆ?"

"ಇಲ್ಲದೆ."

"ಚಿಕ್ಕದು ಆಮೇಲೆ ತಕರಾರು ತೆಗೆಯಲ್ವಾ?"

ಅಕ್ಕ ಆಗಲೇ ಪೂರ್ತಿ ಆ ಕಡೆ ವಾಲಿದ್ದಳು. ದಿನಾ ರಾತ್ರಿ ಫೋನು: "ಚಿಕ್ಕದಕ್ಕೆ ಇವತ್ತು ಇನ್ನೂ ಸಿಕ್ಕಿಲ್ಲ ಕಣೋ, ನೋಡಿದೆಯಾ?" ನೋಡಿದ್ದೇವೆ. ಅಮ್ಮ ಬೆಳಿಗ್ಗೆ ಆಸ್ಟಿನ್, ರಾತ್ರಿ ಭದ್ರಾವತಿ. ಎರಡು ಪಾಳಿ ಮಾಡಿ ಅವಳ ಕಣ್ಣ ಸುತ್ತ ಕಪ್ಪು ಬಂದಿದೆ.

ಹೀಗೆ ಕ್ಯಾಮೆರಾ ಮತ್ತು ಎರಡು ಊರಿನ ಕಣ್ಣೆಲ್ಲ ಗವಾಕ್ಷಿಯ ಕಡೆ ಇದ್ದ ಒಂದು ರಾತ್ರಿ, ಹಿತ್ತಲಿನ ಇನ್ನೊಂದು ಮೂಲೆಯಿಂದ ಬಚ್ಚಲ ತಾಮ್ರದ ಹಂಡೆಯನ್ನು ಯಾರೋ ಒಲೆಯಿಂದ ಕಿತ್ತು ಸಾಗಿಸಿದರು. ಅಜ್ಜಿಯ ಕಾಲದ್ದು, ಇಬ್ಬರಿಲ್ಲದೆ ಎತ್ತಲಾಗದ್ದು. ಅಕ್ಕ ಅಳಿಯನ ಮೇಲೆ ಹಾಕಿದಳು, ಅಳಿಯ ನನ್ನ ಮೇಲೆ ಹಾಕಿದ, ಭಾವ ನಿಟ್ಟುಸಿರುಬಿಟ್ಟು ಗೂಬೆಯ ಮೇಲೇ ಗೂಬೆ ಕೂರಿಸಿದರು. ಕಾನ್ಸ್‌ಟೇಬಲ್ ಒಬ್ಬರು ಬಂದು ಕ್ಯಾಮೆರಾ ಕಂಡು ಉತ್ಸಾಹದಿಂದ, ಆ ರಾತ್ರಿಯ ಪೂರ್ತಿ ರೆಕಾರ್ಡಿಂಗ್ ಬೇಕು ಎಂದರು. ಕೊಟ್ಟೆವು. ಕುರ್ಚಿ ಎಳೆದುಕೊಂಡು ಕೂತರು. ಅಕ್ಕ ಕಾಫಿ ಕೊಟ್ಟಳು. ತಾಯಿ ಬಂತು, ಹೋಯಿತು. ದೊಡ್ಡ ಮರಿ ಇಲಿ ನುಂಗಿತು, ಚಿಕ್ಕದು ಕೂಗಿತು. ಕಳ್ಳನ ನೆರಳೂ ಇಲ್ಲ. ಕಾಫಿ ಆರಿತು. ಮುಗಿಯುವ ತನಕ ಅವರು ಮಾತಾಡಲಿಲ್ಲ. ಕೊನೆಗೆ ಡೈರಿ ಮುಚ್ಚಿ, ಟೋಪಿ ಕೈಗೆತ್ತಿಕೊಂಡು, ದನಿ ತಗ್ಗಿಸಿ ಕೇಳಿದರು:

"ಈ ಚಿಕ್ಕದಕ್ಕೆ ಮಾರನೇ ದಿನನಾದರೂ ಸಿಕ್ತಾ ಸಾರ್?"